ಹೂಡಿಕೆಗೂ ಮುಂಚಿನ ಐದು ಮೆಟ್ಟಿಲು: ಮನೆ ದುಡ್ಡಿನ ಲೆಕ್ಕ ನೀವೇ ನೋಡಿಕೊಳ್ಳುವ ಬಗೆ

ಮಂಡ್ಯದಲ್ಲಿ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಭಾನುವಾರ ಬೆಳಗ್ಗೆ ಮನೆ ಲೆಕ್ಕ ಹಿಡಿದುಕೊಂಡು ಬರುವವರೂ ಇದ್ದಾರೆ. ಅವರ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸರ್, ದುಡ್ಡು ಎಲ್ಲಿ ಹಾಕಿದ್ರೆ ಚೆನ್ನಾಗಿ ಬೆಳೆಯುತ್ತೆ?"

ಹೋದ ವರ್ಷ ಅವರಲ್ಲಿ ಹಲವರು ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಕಂತು ಕಟ್ಟುವುದನ್ನು, ಶುರು ಮಾಡಿದರು. ನಾಲ್ಕೈದು ತಿಂಗಳಿಗೆ ನಿಂತೇಹೋಯಿತು. ಒಬ್ಬರಿಗೆ ಮಗಳ ಶಾಲೆ ಫೀಸು ಬಂತು. ಇನ್ನೊಬ್ಬರಿಗೆ ತಂಗಿ ಮನೆ ಗೃಹಪ್ರವೇಶದ ಮುಯ್ಯಿ. ಮತ್ತೊಬ್ಬರ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆಗಿ, ಬ್ಯಾಂಕ್ ದಂಡವನ್ನೂ ಹಿಡಿದುಕೊಂಡಿತು.

ಇವರು ಆರಿಸಿದ್ದ ಫಂಡ್‌ಗಳು ಚೆನ್ನಾಗಿಯೇ ಇದ್ದವು. ಕ್ರಮ ತಪ್ಪಿತ್ತು. ಆರನೆಯ ಹೆಜ್ಜೆಯನ್ನು ಮೊದಲು ಇಟ್ಟಿದ್ದರು. ಅದಕ್ಕೇ ಈ ಕ್ರಮವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

## ಶುರು ಮಾಡುವ ಮುಂಚೆ ಏನೇನು ಬೇಕು

ಒಂದು ಉದ್ದನೆಯ ನೋಟ್‌ಬುಕ್, ಪೆನ್ನು, ಕ್ಯಾಲ್ಕುಲೇಟರ್. ಮನೆಯವರ ಎಲ್ಲಾ ಪಾಸ್‌ಬುಕ್‌ಗಳಿಗೆ ಎಂಟ್ರಿ ಹಾಕಿಸಿ ತನ್ನಿ. ಯುಪಿಐ ಬಳಸುವವರು ಬ್ಯಾಂಕ್ ಆ್ಯಪ್‌ನಿಂದ ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ಸಾಲದ ಕಾಗದ, ವಿಮೆ ಬಾಂಡ್, ಚೀಟಿ ಪುಸ್ತಕ, ಒಡವೆ ಅಡ ಇಟ್ಟ ರಸೀದಿ, ಎಲ್ಲವೂ ಮೇಜಿನ ಮೇಲಿರಲಿ.

ಗಂಡ ಹೆಂಡತಿ ಇಬ್ಬರೂ ಕೂರಬೇಕು. ಒಬ್ಬರೇ ಕೂತ ಲೆಕ್ಕದಲ್ಲಿ ಒಂದಲ್ಲ ಒಂದು ಸಾಲ ಬಿಟ್ಟುಹೋಗಿರುತ್ತದೆ. ಇದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ.

## ಹಂತ 1: ಮೂರು ತಿಂಗಳ ಖರ್ಚು ಬರೆಯಿರಿ

ಮೂರು ಕಾಲಂ ಸಾಕು. ಮೊದಲನೆಯದು ತಪ್ಪಿಸಲಾಗದ್ದು: ಬಾಡಿಗೆ, ದಿನಸಿ, ಗ್ಯಾಸ್, ಕರೆಂಟು, ಔಷಧಿ. ಎರಡನೆಯದು ಸಾಲದ ಕಂತು. ಮೂರನೆಯದು ಉಳಿದದ್ದೆಲ್ಲ. ಸ್ಟೇಟ್‌ಮೆಂಟ್‌ನ ಒಂದೊಂದು ಸಾಲನ್ನೂ ಇದರಲ್ಲಿ ಒಂದು ಕಡೆ ಸೇರಿಸಿ. ನೂರು, ಇನ್ನೂರು ರೂಪಾಯಿಯ ಯುಪಿಐ ಖರ್ಚುಗಳನ್ನು ಬಿಡಬೇಡಿ. ಕೂಡಿಸಿದಾಗ ಅವೇ ದೊಡ್ಡ ಮೊತ್ತವಾಗಿ ಕಾಣುತ್ತವೆ.

ಈ ಹಂತದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ವರ್ಷಕ್ಕೊಮ್ಮೆ ಬರುವ ಖರ್ಚನ್ನು ಬರೆಯುವುದೇ ಇಲ್ಲ. ಜೂನ್ ತಿಂಗಳ ಶಾಲೆ ಫೀಸು, ಗೌರಿ ಗಣೇಶ ಹಬ್ಬದ ಬಟ್ಟೆ, ದಸರಾಗೆ ಬರುವ ನೆಂಟರು, ಊರ ಹಬ್ಬದ ಬಾಡೂಟ, ಗಾಡಿ ಇನ್ಶೂರೆನ್ಸ್, ಮದುವೆ ಮುಯ್ಯಿ. ಇವು ಬರುತ್ತವೆ ಅಂತ ನಮಗೆ ಗೊತ್ತೇ ಇರುತ್ತದೆ, ಅಲ್ವಾ? ಆದರೂ ಪ್ರತಿ ಸಲ ಕೈಸಾಲ ಮಾಡುತ್ತೇವೆ. ಇವನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ. ವರ್ಷಕ್ಕೆ 60,000 ಆದರೆ ತಿಂಗಳಿಗೆ 5,000. ಈ 5,000 ಕೂಡ ನಿಮ್ಮ ತಿಂಗಳ ಖರ್ಚೇ. ಮೊದಲನೆಯ ಕಾಲಂನಲ್ಲಿ ಬರೆಯಿರಿ.

ಎಚ್ಚರಿಕೆಯ ಗುರುತು: ಸಾಲದ ಕಾಲಂ ನಿಮ್ಮ ಆದಾಯದ ಅರ್ಧ ದಾಟಿದ್ದರೆ, ಹೂಡಿಕೆಯ ಮಾತು ಸದ್ಯಕ್ಕೆ ಬೇಡ. ಮುಂದಿನ ಹಂತದಲ್ಲೇ ಹೆಚ್ಚು ದಿನ ಇರಬೇಕಾಗುತ್ತದೆ.

## ಹಂತ 2: ಎಲ್ಲಾ ಬಡ್ಡಿಯನ್ನೂ ವರ್ಷದ ಲೆಕ್ಕಕ್ಕೆ ತನ್ನಿ

ನಿಧಾನವಾಗಿ ಮಾಡಬೇಕಾದ ಹಂತ ಇದು. ನಮ್ಮ ಕಡೆ ಬಡ್ಡಿಯನ್ನು ಹೇಳುವ ರೀತಿಯಲ್ಲೇ ಮೋಸ ಹೋಗುವ ದಾರಿ ಇದೆ. ಬ್ಯಾಂಕ್ ವರ್ಷದ ಲೆಕ್ಕ ಹೇಳುತ್ತದೆ. ಊರಲ್ಲಿ ತಿಂಗಳ ಲೆಕ್ಕ ಹೇಳುತ್ತಾರೆ. "ನೂರಕ್ಕೆ ಮೂರು ರೂಪಾಯಿ ಅಷ್ಟೇ" ಅಂದರೆ ಕಿವಿಗೆ ಹಗುರ. ವರ್ಷಕ್ಕೆ ಅದು 36 ಪರ್ಸೆಂಟ್. ಒಂದು ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲು ಹಾಗೇ ಇರುತ್ತದೆ. ಕ್ರೆಡಿಟ್ ಕಾರ್ಡ್‌ನಲ್ಲಿ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋದರೂ ಇದೇ ಕಥೆ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂದರೆ ವರ್ಷಕ್ಕೆ 42.

ಎರಡನೆಯ ಮೋಸ ಫ್ಲ್ಯಾಟ್ ಬಡ್ಡಿ. ಬೈಕು, ಟಿವಿ ಸಾಲಗಳಲ್ಲಿ ಇದು ಜಾಸ್ತಿ. ಒಂದು ಲಕ್ಷ ಸಾಲ, ಎರಡು ವರ್ಷ, 12 ಪರ್ಸೆಂಟ್ ಫ್ಲ್ಯಾಟ್ ಅಂದುಕೊಳ್ಳಿ. ಬಡ್ಡಿ 24,000. ತಿಂಗಳ ಕಂತು ಸುಮಾರು 5,167. ಆದರೆ ಪ್ರತಿ ತಿಂಗಳೂ ಅಸಲು ತೀರಿಸುತ್ತಲೇ ಇರುತ್ತೀರಿ. ಬಡ್ಡಿ ಮಾತ್ರ ಪೂರ್ತಿ ಒಂದು ಲಕ್ಷಕ್ಕೇ ಬೀಳುತ್ತಿರುತ್ತದೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಬ್ಯಾಂಕ್ ಲೆಕ್ಕದಲ್ಲಿ ನೋಡಿದರೆ ಇದು 21 ಪರ್ಸೆಂಟ್‌ಗೂ ಜಾಸ್ತಿ. ಸಾಲ ಕೊಡುವವರನ್ನು ಒಂದೇ ಮಾತು ಕೇಳಿ: "ಇದು ಫ್ಲ್ಯಾಟಾ, ರೆಡ್ಯೂಸಿಂಗಾ?"

ಈಗ ಸಾಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ವರ್ಷದ ಬಡ್ಡಿ ಜಾಸ್ತಿ ಇರುವುದು ಮೇಲೆ, ಕಡಿಮೆ ಇರುವುದು ಕೆಳಗೆ. ಎಲ್ಲದಕ್ಕೂ ಕಟ್ಟಬೇಕಾದ ಕಂತು ಕಟ್ಟಿ. ಅದಾದ ಮೇಲೆ ಕೈಯಲ್ಲಿ ಉಳಿದ ಪ್ರತಿ ರೂಪಾಯಿಯೂ ಮೇಲಿನ ಸಾಲಕ್ಕೆ ಹೋಗಲಿ. ಅದು ತೀರಿದ ಮೇಲೆ ಅದರ ಕೆಳಗಿನದಕ್ಕೆ.

ಹಾಳೆ ನೋಡಿದಾಗ ಕೆಲವರಿಗೆ ಒಂದು ವಿಚಿತ್ರ ಕಾಣುತ್ತದೆ. ಒಂದು ಕಡೆ ಎಫ್‌ಡಿಯಲ್ಲಿ 7 ಪರ್ಸೆಂಟ್ ಬರುತ್ತಿದೆ, ಇನ್ನೊಂದು ಕಡೆ ಕೈಸಾಲಕ್ಕೆ 36 ಪರ್ಸೆಂಟ್ ಹೋಗುತ್ತಿದೆ. ಎಫ್‌ಡಿ ಮುರಿಯಲು ಮನಸ್ಸು ಬರುವುದಿಲ್ಲ, ನನಗೆ ಅರ್ಥವಾಗುತ್ತದೆ. ಆದರೂ ಮುರಿಯಿರಿ. ಅಷ್ಟು ಬಡ್ಡಿ ಉಳಿಸಿಕೊಡುವ ಹೂಡಿಕೆ ನಿಮಗೆ ಬೇರೆ ಎಲ್ಲೂ ಸಿಗುವುದಿಲ್ಲ.

ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕ್‌ನಲ್ಲಿ ಇಟ್ಟು, ಆ ದುಡ್ಡಿನಿಂದ ಮೀಟರ್ ಬಡ್ಡಿ ಸಾಲ ತೀರಿಸಬಹುದು. ಬಡ್ಡಿ ಅಲ್ಲಿ ಎಷ್ಟೋ ಕಡಿಮೆ. ಒಡವೆ ಬಿಡಿಸಿಕೊಳ್ಳುವ ತಾರೀಖನ್ನು ಮಾತ್ರ ಅವತ್ತೇ ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ರೈತರಾಗಿದ್ದರೆ ಸೊಸೈಟಿಯ ಬೆಳೆ ಸಾಲ ಇದೆ. ರಾಜ್ಯದಲ್ಲಿ 5 ಲಕ್ಷದವರೆಗೆ ಬಡ್ಡಿ ಇಲ್ಲ. ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ಗಡುವು ದಾಟಿದರೆ ಆ ಅನುಕೂಲ ಕೈತಪ್ಪುತ್ತದೆ. ಕಬ್ಬಿನ ಬಿಲ್ಲು ತಡವಾಗಬಹುದು ಅಂತ ಮೊದಲೇ ಲೆಕ್ಕ ಹಾಕಿ, ಗಡುವಿನ ದುಡ್ಡನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಎಚ್ಚರಿಕೆಯ ಗುರುತು: ಒಂದು ಸಂಘದ ವಾರದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ತೆಗೆಯುವುದು. ಮಂಡ್ಯ ಸುತ್ತಮುತ್ತ ಇದರಿಂದ ನೊಂದ ಅಕ್ಕಂದಿರು ಬಹಳ ಜನ. ಮೈಕ್ರೋ ಫೈನಾನ್ಸ್‌ನವರು ಸಾಲ ಕೊಡುವಾಗ, ಕುಟುಂಬದ ಎಲ್ಲಾ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಮನೆ ಮುಂದೆ ಬಂದು ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. ಸಾಲ ಮಾಡಿದ್ದು ಅಪರಾಧ ಅಲ್ಲ.

## ಹಂತ 3: ದುಡ್ಡು ಬಂದ ದಿನವೇ ಬೇರೆ ಮಾಡಿ

ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಕೂಡಿಡುತ್ತೇನೆ ಅಂದರೆ ಆಗುವುದಿಲ್ಲ. ಉಳಿಯುವುದೇ ಇಲ್ಲ. ಎರಡು ಖಾತೆ ಇಟ್ಟುಕೊಳ್ಳಿ. ಒಂದಕ್ಕೆ ದುಡ್ಡು ಬರುತ್ತದೆ, ಅದರಲ್ಲೇ ಮನೆ ಖರ್ಚು ನಡೆಯುತ್ತದೆ. ಇನ್ನೊಂದಕ್ಕೆ ಉಳಿತಾಯ ಹೋಗುತ್ತದೆ. ಆ ಎರಡನೆಯ ಖಾತೆಗೆ ಯುಪಿಐ ಜೋಡಿಸಬೇಡಿ.

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆ ಫ್ಯಾಕ್ಟರಿಗೆ ಹೋಗುವವರಿಗೆ, ಕಂಪನಿ ಸಂಬಳದವರಿಗೆ ಇದು ಸುಲಭ. ಸಂಬಳ ಬಂದ ಮಾರನೆಯ ದಿನ ತಾನಾಗಿ ದುಡ್ಡು ವರ್ಗಾವಣೆ ಆಗುವ ಹಾಗೆ ಬ್ಯಾಂಕ್‌ನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟುಬಿಡಿ. ಹಂತ 1ರಲ್ಲಿ ಬಂದ ವರ್ಷದ ಖರ್ಚಿನ ತಿಂಗಳ ಪಾಲೂ ಇದರಲ್ಲಿ ಸೇರಿರಲಿ. ಅಷ್ಟಾದರೆ ಮುಗಿಯಿತು.

ಕಷ್ಟ ಇರುವುದು ವರ್ಷಕ್ಕೊಮ್ಮೆ ದುಡ್ಡು ನೋಡುವವರಿಗೆ. ಕಬ್ಬು ಕಟಾವಾಗಿ ಬಿಲ್ಲು ಬಂದಾಗ ಖಾತೆಯಲ್ಲಿ ಒಮ್ಮೆಗೇ ಲಕ್ಷಗಳು ಕಾಣುತ್ತವೆ. ಆ ವಾರ ಎಲ್ಲರಿಗೂ ಕೈ ಸಡಿಲ. ಹಣಕಾಸಿನ ಪುಸ್ತಕಗಳು ಸಂಬಳದವರಿಗೆ ಬರೆದದ್ದು, ನಮ್ಮ ರೈತರ ಈ ತೊಂದರೆಗೆ ಅವುಗಳಲ್ಲಿ ಉತ್ತರ ಕಡಿಮೆ. ನಾನು ಹೇಳಿಕೊಡುವುದು ಹೀಗೆ.

ಬಿಲ್ಲು 4,20,000 ಬಂತು ಅಂದುಕೊಳ್ಳಿ. ಮೊದಲು ಸೊಸೈಟಿ ಸಾಲ 1,20,000 ತೀರಿಸಿ. ಆಮೇಲೆ ಮುಂದಿನ ಬೆಳೆಯ ಖರ್ಚು. ಕಟಾವಾದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಕಬ್ಬಾದರೆ ಕಡಿಮೆ, ಹೊಸದಾಗಿ ನಾಟಿ ಮಾಡುವುದಾದರೆ ಬಿತ್ತನೆ, ಗೊಬ್ಬರ, ಕೂಲಿ ಎಲ್ಲಾ ಸೇರಿ ಜಾಸ್ತಿ. 90,000 ಅಂತ ಇಟ್ಟುಕೊಳ್ಳೋಣ. ಉಳಿದದ್ದು 2,10,000. ಇದನ್ನು 12ರಿಂದ ಭಾಗಿಸಬೇಡಿ, 14ರಿಂದ ಭಾಗಿಸಿ. ಮುಂದಿನ ಕಟಾವು ತಡವಾಗಬಹುದು. ಕಟಾವಾದರೂ ಬಿಲ್ಲು ತಡವಾಗಬಹುದು. ನಾಲೆ ನೀರು ಕೈಕೊಟ್ಟ ವರ್ಷ ಇನ್ನೂ ಕಷ್ಟ. 14ರಿಂದ ಭಾಗಿಸಿದರೆ ತಿಂಗಳಿಗೆ 15,000. ಇದು ನೀವೇ ನಿಮಗೆ ಕೊಟ್ಟುಕೊಳ್ಳುವ ಸಂಬಳ.

ಮೂರು ತಿಂಗಳ ದುಡ್ಡನ್ನು ಖಾತೆಯಲ್ಲೇ ಬಿಡಿ. ಉಳಿದದ್ದನ್ನು ಮೂರು ತಿಂಗಳು, ಆರು ತಿಂಗಳು, ಒಂಬತ್ತು ತಿಂಗಳು, ಒಂದು ವರ್ಷದ ಬೇರೆ ಬೇರೆ ಎಫ್‌ಡಿ ಮಾಡಿಸಿ. ಒಂದು ಮುಗಿಯುವ ಹೊತ್ತಿಗೆ ಖಾತೆಯಲ್ಲಿದ್ದದ್ದು ಖಾಲಿಯಾಗಿರುತ್ತದೆ, ಎಫ್‌ಡಿ ದುಡ್ಡು ಬಂದು ಸೇರುತ್ತದೆ. ಮನೆಯಲ್ಲಿ ಹಸು ಇದ್ದರೆ ಡೇರಿ ಬಟವಾಡೆಯಲ್ಲಿ ದಿನಸಿ, ಹಿಂಡಿ, ಬೂಸಾ ನೋಡಿಕೊಳ್ಳಿ. ಹಾಗಾದರೆ ಈ 15,000ದಲ್ಲೂ ಒಂದಿಷ್ಟು ಉಳಿಯುತ್ತದೆ.

ತಪ್ಪು ಆಗುವುದು ಬಿಲ್ಲು ಬಂದ ವಾರದಲ್ಲಿ. ಹೊಸ ಬೈಕು, ನೆಂಟರಿಗೆ ಕೈಸಾಲ, ಮನೆ ಮುಂದಿನ ಶೀಟು. ಆ ವಾರ ಎಫ್‌ಡಿ ಬಿಟ್ಟು ಬೇರೆ ಏನನ್ನೂ ಮಾಡಬೇಡಿ. ಉಳಿದ ತೀರ್ಮಾನವೆಲ್ಲ ಹದಿನೈದು ದಿನ ಬಿಟ್ಟು.

## ಹಂತ 4: ಆಪತ್ತಿಗೆ ಅಂತ ಒಂದು ಗಂಟು

ಸಂಬಳದವರಿಗೆ ಮೂರರಿಂದ ಆರು ತಿಂಗಳ ಖರ್ಚು. ಅಂಗಡಿಯವರಿಗೆ, ರೈತರಿಗೆ ಆರು ತಿಂಗಳಿಗಿಂತ ಕಡಿಮೆ ಬೇಡ. ಸ್ವಲ್ಪ ಉಳಿತಾಯ ಖಾತೆಯಲ್ಲಿ, ಉಳಿದದ್ದು ಯಾವಾಗ ಬೇಕಾದರೂ ಮುರಿಯಬಹುದಾದ ಎಫ್‌ಡಿಯಲ್ಲಿ ಇರಲಿ. ಇಲ್ಲಿ ಬಡ್ಡಿ ಜಾಸ್ತಿ ಎಲ್ಲಿ ಅಂತ ಹುಡುಕಬೇಡಿ. ಬೇಕಾದ ದಿನ ದುಡ್ಡು ಕೈಗೆ ಬರಬೇಕು, ಅಷ್ಟೇ.

ನಮ್ಮ ಮನೆಯಲ್ಲೇ ಈ ತಪ್ಪು ಆಗಿದೆ. ಅಪ್ಪ ನಿವೃತ್ತಿಯಾದಾಗ ಬಂದ ದುಡ್ಡಿನಲ್ಲಿ ಮೂರು ಲಕ್ಷವನ್ನು ಒಂದು ಪತ್ತಿನ ಸಂಘದಲ್ಲಿ ಇಟ್ಟರು. ಬ್ಯಾಂಕ್‌ಗಿಂತ ಎರಡು ಪರ್ಸೆಂಟ್ ಜಾಸ್ತಿ ಬಡ್ಡಿ, ಪರಿಚಯದವರೇ ನಿರ್ದೇಶಕರು. ಅಮ್ಮನ ಆಪರೇಷನ್‌ಗೆ ದುಡ್ಡು ಕೇಳಲು ಹೋದಾಗ "ಮುಂದಿನ ತಿಂಗಳು ಬನ್ನಿ" ಅಂದರು. ಆ ಮುಂದಿನ ತಿಂಗಳು ನಾಲ್ಕು ವರ್ಷವಾಯಿತು. ಅಪ್ಪ ಪ್ರತಿ ತಿಂಗಳೂ ಪಾಸ್‌ಬುಕ್ ಹಿಡಿದು ಹೋಗಿ ಬರುತ್ತಿದ್ದರು. ಆಪರೇಷನ್‌ಗೆ ನಾನು ಸಾಲ ಮಾಡಿದೆ.

ಆದ್ದರಿಂದ ಇದನ್ನು ಗಟ್ಟಿಯಾಗಿ ನೆನಪಿಡಿ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕ್‌ನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಹಕಾರಿ ಬ್ಯಾಂಕ್‌ಗಳಿಗೂ ಅದು ಸಿಗುತ್ತದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಅದು ಇಲ್ಲ. ಹೆಸರು, ಬೋರ್ಡು, ಕೌಂಟರು ಎಲ್ಲಾ ಬ್ಯಾಂಕ್ ತರಹವೇ ಕಾಣಬಹುದು. ಈ ವಿಮೆ ಕೊಡುವ ರಿಸರ್ವ್ ಬ್ಯಾಂಕ್‌ನ ಅಂಗಸಂಸ್ಥೆಯ ಹೆಸರು ಡಿಐಸಿಜಿಸಿ. ನಿಮ್ಮ ಠೇವಣಿಗೆ ಡಿಐಸಿಜಿಸಿ ವಿಮೆ ಇದೆಯಾ ಅಂತ ಕೇಳಿ, ಕಾಗದದಲ್ಲಿ ತೋರಿಸಲು ಹೇಳಿ.

ಅಂಗಡಿಯವರಿಗೆ ಪಿಗ್ಮಿ ಒಳ್ಳೆಯ ಅಭ್ಯಾಸ. ಆದರೆ ದಿನದಿನದ ರಸೀದಿಯೋ ಎಸ್‌ಎಂಎಸ್ಸೋ ಬರಬೇಕು. ತಿಂಗಳಿಗೊಮ್ಮೆ ಕಚೇರಿಗೆ ಹೋಗಿ ಬ್ಯಾಲೆನ್ಸ್ ತಾಳೆ ನೋಡಿ. ಪಿಗ್ಮಿ ಏಜೆಂಟ್ ಎಷ್ಟೇ ಹಳಬರಾದರೂ ಇದನ್ನು ಬಿಡಬೇಡಿ.

## ಹಂತ 5: ವಿಮೆ

ವಿಮೆಯನ್ನೂ ಹೂಡಿಕೆಯನ್ನೂ ಬೆರೆಸಬೇಡಿ. ನಿಮ್ಮ ದುಡಿಮೆಯ ಮೇಲೆ ಮನೆಯವರು ನಿಂತಿದ್ದರೆ ನಿಮಗೆ ಬೇಕಾದದ್ದು ಟರ್ಮ್ ವಿಮೆ, ಅಂದರೆ ಅವಧಿಯೊಳಗೆ ನೀವು ತೀರಿಕೊಂಡರೆ ಮಾತ್ರ ಮನೆಯವರಿಗೆ ದುಡ್ಡು ಕೊಡುವ ವಿಮೆ. ವರ್ಷದ ಆದಾಯದ 10ರಿಂದ 15 ಪಟ್ಟು. ದುಡ್ಡು ವಾಪಸ್ ಬರುವುದಿಲ್ಲ ಅಂತ ಜನ ಬೇಡ ಅನ್ನುತ್ತಾರೆ. ವಾಪಸ್ ಬರುವ ಪಾಲಿಸಿಯಲ್ಲಿ ಅದೇ ಕಂತಿಗೆ ಸಿಗುವ ರಕ್ಷಣೆ ಬಹಳ ಚಿಕ್ಕದು.

ಈಗಲೇ, ಈ ವಾರವೇ ಮಾಡಬಹುದಾದದ್ದು ಎರಡು. ಬ್ಯಾಂಕ್‌ನಲ್ಲೇ ಸಿಗುವ ಕೇಂದ್ರ ಸರ್ಕಾರದ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, 18ರಿಂದ 50 ವರ್ಷದವರು ಸೇರಬಹುದು, ತೀರಿಕೊಂಡರೆ ಮನೆಯವರಿಗೆ 2 ಲಕ್ಷ. ಸುರಕ್ಷಾ ಅಪಘಾತ ವಿಮೆಗೆ 20 ರೂಪಾಯಿ, 18ರಿಂದ 70 ವರ್ಷ, 2 ಲಕ್ಷ. ಎರಡೂ ನಿಮ್ಮ ಖಾತೆಯಿಂದಲೇ ಕಡಿತವಾಗುತ್ತವೆ. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ದುಡ್ಡು ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಾಗುವುದು ಮನೆಯಲ್ಲಿ ಸಾವಾದ ಮೇಲೆ.

ಆರೋಗ್ಯಕ್ಕೆ ಮೊದಲು ನಿಮಗೆ ಆಗಲೇ ಏನಿದೆ ನೋಡಿ. ಬಿಪಿಎಲ್ ಕಾರ್ಡ್ ಇದ್ದರೆ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಸಂಬಳ 21,000ದ ಒಳಗಿದ್ದು ಕಂಪನಿ ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐಗೆ ಸೇರಿದ್ದರೆ ಮನೆಯವರಿಗೂ ಅದು ಸಿಗುತ್ತದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ, ನೋಂದಣಿ ವರ್ಷದ ಕೆಲವು ತಿಂಗಳು ಮಾತ್ರ. ಇದ್ಯಾವುದೂ ಇಲ್ಲದವರು ಕುಟುಂಬದ ಆರೋಗ್ಯ ವಿಮೆ ಮಾಡಿಸಿ. ಫಾರಂನಲ್ಲಿ ಶುಗರ್, ಬಿಪಿ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾಗಬಹುದು.

ನೆಂಟರೇ ಏಜೆಂಟ್ ಅಂತ ಸಂಕೋಚಕ್ಕೆ ಸಹಿ ಹಾಕಿದ್ದೀರಾ? ಹೊಸ ಪಾಲಿಸಿಯಾದರೆ ಬಾಂಡ್ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ಬರೆದುಕೊಟ್ಟು ವಾಪಸ್ ಮಾಡಬಹುದು.

## ಹಂತ 6: ಈಗ ಹೂಡಿಕೆ

ಇಲ್ಲಿಗೆ ಬಂದ ಮೇಲೆ "ಎಲ್ಲಿ ಹಾಕಲಿ" ಅನ್ನುವ ಪ್ರಶ್ನೆಗೆ ಉತ್ತರ ಸುಲಭ. ಆ ದುಡ್ಡು ಯಾವಾಗ ಬೇಕು ಅಂತ ಕೇಳಿಕೊಳ್ಳಿ.

ಮೂರು ವರ್ಷದೊಳಗೆ ಬೇಕಾದರೆ ಆರ್‌ಡಿ, ಎಫ್‌ಡಿ. ಬೇರೆ ಯೋಚನೆಯೇ ಬೇಡ. ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ತೆರೆಯಿರಿ, ವರ್ಷಕ್ಕೆ 250ರಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಪಿಪಿಎಫ್ ಅನ್ನುವುದು ಸರ್ಕಾರದ ಉಳಿತಾಯ ಯೋಜನೆ, 15 ವರ್ಷದ್ದು, ವರ್ಷಕ್ಕೆ ಕನಿಷ್ಠ 500. ಇದರಲ್ಲಿ ತಿಂಗಳ 5ನೇ ತಾರೀಖಿನ ಒಳಗೆ ಕಟ್ಟಿ. ಆಮೇಲೆ ಕಟ್ಟಿದರೆ ಆ ದುಡ್ಡಿಗೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ. ಇವುಗಳ ಬಡ್ಡಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನಿಗದಿ ಮಾಡುತ್ತದೆ, ಕಟ್ಟುವ ಮುಂಚೆ ಈಗಿನ ದರ ಕೇಳಿಕೊಳ್ಳಿ.

ಏಳು ವರ್ಷಕ್ಕಿಂತ ಜಾಸ್ತಿ ಕಾಯಬಲ್ಲ ದುಡ್ಡಿಗೆ ಮಾತ್ರ ಷೇರಿನ ಮ್ಯೂಚುವಲ್ ಫಂಡ್. ಹೊಸಬರಿಗೆ ನಾನು ಹೇಳುವುದು ನಿಫ್ಟಿ 50 ಇಂಡೆಕ್ಸ್ ಫಂಡ್ ಒಂದನ್ನೇ. ನಿಫ್ಟಿ ಅಂದರೆ ದೇಶದ 50 ದೊಡ್ಡ ಕಂಪನಿಗಳ ಷೇರಿನ ಸೂಚ್ಯಂಕ, ಈ ಫಂಡ್ ಆ ಷೇರುಗಳನ್ನೇ ಕೊಳ್ಳುತ್ತದೆ. ಫಂಡ್ ಕಂಪನಿಯ ವೆಬ್‌ಸೈಟ್‌ಗೆ ಹೋಗಿ. ಪ್ಯಾನ್, ಆಧಾರ್ ಕೊಟ್ಟು ಕೆವೈಸಿ ಮುಗಿಸಿ. "ಡೈರೆಕ್ಟ್" (ಏಜೆಂಟ್ ಇಲ್ಲದೆ ನೇರವಾಗಿ) ಮತ್ತು "ಗ್ರೋತ್" (ಲಾಭ ಫಂಡ್‌ನಲ್ಲೇ ಉಳಿದು ಬೆಳೆಯುವುದು) ಎರಡೂ ಆರಿಸಿದ್ದೀರಾ ಅಂತ ಎರಡು ಸಲ ನೋಡಿ. ನಾಮಿನಿ ಹಾಕಿ. ಕಂತಿನ ತಾರೀಖು ಸಂಬಳ ಬಂದ ಎರಡು ಮೂರು ದಿನಕ್ಕೆ ಇರಲಿ.

"ರೆಗ್ಯುಲರ್" ಆರಿಸಿದರೆ ಪ್ರತಿ ವರ್ಷ ನಿಮ್ಮ ದುಡ್ಡಿನಿಂದ ಕಮಿಷನ್ ಹೋಗುತ್ತಿರುತ್ತದೆ. ತಿಂಗಳಿಗೆ 5,000ದಂತೆ 20 ವರ್ಷ ಕಟ್ಟಿದರೆ, 12 ಪರ್ಸೆಂಟ್ ಬೆಳವಣಿಗೆಗೆ ಸುಮಾರು 50 ಲಕ್ಷ. 11 ಆದರೆ ಸುಮಾರು 43 ಲಕ್ಷ 70 ಸಾವಿರ. ಇದು ಲೆಕ್ಕಕ್ಕೆ ಹಿಡಿದ ದರ, ಅಷ್ಟೇ ಬರುತ್ತದೆ ಅಂತ ಯಾರೂ ಹೇಳಲಾಗದು. ಒಂದು ಪರ್ಸೆಂಟ್‌ನ ವ್ಯತ್ಯಾಸ ಎಷ್ಟು ಅಂತ ತೋರಿಸಲು ಹೇಳಿದೆ.

ಬೀಳುತ್ತದೆ, ಅದಕ್ಕೆ ಮನಸ್ಸು ಸಿದ್ಧ ಇರಲಿ. 2008ರಲ್ಲಿ ನಿಫ್ಟಿ ಅರ್ಧಕ್ಕೂ ಕೆಳಗೆ ಬಂತು. 2020ರ ಮಾರ್ಚ್‌ನಲ್ಲಿ ಕೊರೊನಾ ಸಮಯಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಎರಡೂ ಸಲ ಹೆದರಿ ತೆಗೆದವರ ನಷ್ಟ ಹಾಗೇ ಉಳಿಯಿತು. ಹಂತ 4ರ ಗಂಟು ಇದ್ದವರು ಹೆದರದೆ ಕಾಯಬಲ್ಲರು.

ಮೊಬೈಲ್‌ನಲ್ಲಿ ಆಪ್ಷನ್ ಟ್ರೇಡಿಂಗ್, ಅಂದರೆ ಷೇರಿನ ಬೆಲೆ ಏರುತ್ತದೋ ಇಳಿಯುತ್ತದೋ ಅಂತ ಬಾಜಿ ಕಟ್ಟುವ ವ್ಯವಹಾರ, ಮಾಡುವ ಹುಡುಗರು ನಮ್ಮ ಕಡೆಯೂ ಬಹಳ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಮೂರು ವರ್ಷದ ಲೆಕ್ಕ ತೆಗೆದು ಹೇಳಿತು: ಇದನ್ನು ಮಾಡಿದ 100 ಜನರಲ್ಲಿ 93 ಜನಕ್ಕೆ ನಷ್ಟ. ದಯವಿಟ್ಟು ಬೇಡ.

ಚೀಟಿ ಹಾಕುವುದಾದರೆ ನೋಂದಣಿಯಾದ ಚೀಟಿಯನ್ನೇ ಹಾಕಿ. ಸಹಿ ಇರುವ ಒಪ್ಪಂದದ ಪ್ರತಿ ನಿಮ್ಮ ಕೈಯಲ್ಲಿರಬೇಕು. ಕಾನೂನಿನಂತೆ ಚೀಟಿ ನಡೆಸುವವರ ಕಮಿಷನ್ 7 ಪರ್ಸೆಂಟ್ ದಾಟುವಂತಿಲ್ಲ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ಮೈಸೂರಿನ ಹೊರವಲಯದಲ್ಲಿ ಸೈಟು ಕೊಳ್ಳುವ ಆಸೆ ಎಲ್ಲರಿಗೂ ಇದೆ. ಅಡ್ವಾನ್ಸ್ ಕೊಡುವ ಮುಂಚೆ ಭೂ ಪರಿವರ್ತನೆ ಆದೇಶ, ಬಡಾವಣೆಗೆ ಪ್ರಾಧಿಕಾರದ ಅನುಮೋದನೆ, ಇ-ಖಾತೆ, ಇಸಿ (ಆಸ್ತಿಯ ಮೇಲೆ ಋಣಭಾರ ಇದೆಯಾ ಅಂತ ತೋರಿಸುವ ಪತ್ರ) ನಾಲ್ಕನ್ನೂ ನೋಡಿ, ವಕೀಲರಿಗೆ ತೋರಿಸಿ. ಪಂಚಾಯ್ತಿ ವ್ಯಾಪ್ತಿಯಾದರೆ ಪಂಚಾಯ್ತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ. "ಆಮೇಲೆ ಮಾಡಿಸಿಕೊಡ್ತೀವಿ" ಅಂದರೆ ಎದ್ದು ಬನ್ನಿ.

## ಹಂತ 7: ಮೋಸದ ಗುರುತುಗಳು

ತಿಂಗಳಿಗೆ 5 ಪರ್ಸೆಂಟ್ ಗ್ಯಾರಂಟಿ ಅಂದರೆ ಮೋಸ. ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪಿಗೆ ಸೇರಿಸಿ, ಮೊದಲು ಸಣ್ಣ ಲಾಭ ತೋರಿಸಿ, ಆಮೇಲೆ ದೊಡ್ಡ ಮೊತ್ತ ಹಾಕಿಸುವುದೂ ಮೋಸವೇ. "ಇನ್ನೂ ಮೂರು ಜನರನ್ನು ಸೇರಿಸಿ" ಅಂದರೂ ಅಷ್ಟೇ. ದುಡ್ಡು ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲ.

ಠೇವಣಿ ತೆಗೆದುಕೊಳ್ಳುವವರು ನೋಂದಾಯಿತರಾ ಅಂತ ರಿಸರ್ವ್ ಬ್ಯಾಂಕ್‌ನ ಸಚೇತ್ ವೆಬ್‌ಸೈಟ್‌ನಲ್ಲಿ ನೋಡಬಹುದು. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ನಾಚಿಕೆ ಪಡುತ್ತಾ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಇರುತ್ತದೆ.

## ಹಂತ 8: ಒಂದು ಫೈಲು, ಎರಡು ದಿನ

ಎಲ್ಲಾ ಖಾತೆ, ಎಫ್‌ಡಿ, ಪಾಲಿಸಿ, ಫಂಡ್, ಸಾಲದ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಮೂಲ ಕಾಗದಗಳ ಜೊತೆ ಒಂದೇ ಫೈಲಿನಲ್ಲಿಡಿ. ಪಾಸ್‌ವರ್ಡ್, ಪಿನ್ ಇದರಲ್ಲಿ ಬೇಡ. ಪ್ರತಿಯೊಂದರ ಎದುರಿಗೂ ನಾಮಿನಿ ಯಾರು ಅಂತ ಬರೆಯಿರಿ. ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ಈಗಲೂ ತೀರಿಹೋದ ತಂದೆಯ ಹೆಸರೇ ಇರುವುದನ್ನು ನೋಡಿದ್ದೇನೆ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು.

ವರ್ಷಕ್ಕೆ ಎರಡು ದಿನ ಈ ಫೈಲು ತೆಗೆದು ಕೂರಿ. ಯುಗಾದಿ ಮುಗಿದ ವಾರ ಒಂದು, ದೀಪಾವಳಿ ಮುಗಿದ ವಾರ ಇನ್ನೊಂದು. ಸಾಲದ ಹಾಳೆ ಹೊಸದಾಗಿ ಬರೆಯಿರಿ. ನಮ್ಮ ಸಾಲಗಳ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಂದು ವರದಿಯನ್ನು ಉಚಿತವಾಗಿ ಕೊಡುತ್ತವೆ. ಅದನ್ನೂ ತೆಗೆದು, ನೀವು ಮಾಡದ ಸಾಲ ಏನಾದರೂ ನಿಮ್ಮ ಹೆಸರಲ್ಲಿ ಇದೆಯಾ ನೋಡಿ. ಫೈಲು ಎಲ್ಲಿದೆ ಅನ್ನುವುದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ಬಾಯಲ್ಲಿ ಹೇಳಿದರೆ ಸಾಲದು. ಬೀರು ಬಾಗಿಲು ತೆಗೆಸಿ, ಅವರ ಕೈಯಿಂದಲೇ ಒಂದು ಸಲ ಆ ಫೈಲನ್ನು ಹೊರಗೆ ತೆಗೆಸಿ ನೋಡಿ.